ಬೀರೇಶನ ಮೂರು ಅಂಗಿ

ಭಾನುವಾರ ಬೆಳಿಗ್ಗೆ ಹರಿಯಬ್ಬೆಯ ನಮ್ಮ ಹಿತ್ತಲಲ್ಲಿ ನಿಂತು ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಕೇಳಿಸಲಿ ಬಿಡಿ. ಮೂರು ತಿಂಗಳಿಂದ ಕಣ್ಣೆದುರೇ ಇದ್ದದ್ದು ಆಗ ಕಂಡಿತ್ತು. ಅಂಥ ಹೊತ್ತಿನಲ್ಲಿ ಮೆಲ್ಲಗೆ ಮಾತಾಡುವ ಜಾಯಮಾನ ನನ್ನದಲ್ಲ.

ನಾನು ಸುಪ್ರಿಯಾ. ಚಿತ್ರದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಜನರ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಆ ದಿನ ಊರಿಗೆ ಬಂದದ್ದೂ ಒಂದು ಅರ್ಜಿಯ ಸಲುವಾಗಿಯೇ. ನನ್ನ ತಮ್ಮ ಬೀರೇಶನಿಗೆ ಇಪ್ಪತ್ತಾರು ವರ್ಷ. ಅವನಿಗೆ ಆಟಿಸಂ ಇದೆ. ಅಕ್ಕ, ಕುರಿ, ನೀರು, ಬೇಡ, ಇಷ್ಟೇ ಅವನ ಮಾತು. ಸೋಮವಾರ ಡಾಕ್ಟರ ಸಹಿ ಹಾಕಿಸಿ ಮಂಗಳವಾರ ಅವನನ್ನು ದೂರದ ಒಂದು ಹಾಸ್ಟೆಲಿಗೆ ಬಿಟ್ಟು ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಕುರಿಗಳಿಲ್ಲ. ಕಿಟಕಿಗೆ ಕಂಬಿ ಇದೆ, ಗೇಟಿಗೆ ಬೀಗ ಇದೆ. ಆ ಅರ್ಜಿ ತುಂಬಿದವಳು ನಾನೇ.

ತುಂಬದೆ ಏನು ಮಾಡಲಿ? ಒಂದು ವರ್ಷದಿಂದ ಅವನು ಸರಿಯಾಗಿ ಉಣ್ಣುತ್ತಿರಲಿಲ್ಲ, ಮಲಗುತ್ತಿರಲಿಲ್ಲ, ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ನಾವು ತೋರಿಸುತ್ತಿದ್ದ ಡಾಕ್ಟರು ಒಂದು ದಿನವೂ ಅವನನ್ನು ಮಲಗಿಸಿ ಮುಟ್ಟಿ ನೋಡಲಿಲ್ಲ. "ಆಟಿಸಂ ಇರೋರು ಹೀಗೇ ಕಣಮ್ಮ" ಎಂದು ನಿದ್ದೆ ಮಾತ್ರೆ ಇನ್ನೊಂದು ಹೆಚ್ಚಿಸುತ್ತಿದ್ದರು. ಕೊನೆಗೆ ಹೋದ ವಾರ ಬೀರೇಶ ನಮ್ಮ ಸೋದರಮಾವ ಗುಡ್ಡಪ್ಪನ ಮುಂಗೈ ಕಚ್ಚಿ ರಕ್ತ ಬರಿಸಿದ. ಅದೂ ಒಂದು ಬಣ್ಣದ ಡಬ್ಬಿಗೋಸ್ಕರ.

ಆ ಡಬ್ಬಿಯ ವಿಷಯ ಹೇಳಲೇಬೇಕು. ಮಾವನ ರೊಪ್ಪದಲ್ಲಿ ಇನ್ನೂರಕ್ಕೂ ಹೆಚ್ಚು ಕುರಿಗಳಿವೆ. ಪ್ರತಿ ಗುರುವಾರ ದನದ ಡಾಕ್ಟರು ಬಂದಾಗ ಯಾವ ಕುರಿಗೆ ಎಲ್ಲಿ ನೋವೆಂದು ಹುಡುಕುತ್ತ ಕೂರಲು ಯಾರಿಗೂ ಪುರಸೊತ್ತಿಲ್ಲ. ಅದಕ್ಕೆ ನೋವಿದ್ದ ಜಾಗಕ್ಕೇ ಕೆಂಪು ಬಣ್ಣ ಹಚ್ಚಿಟ್ಟಿರುತ್ತಾರೆ. ಕುಂಟುತ್ತಿದ್ದರೆ ಕಾಲಿಗೆ, ಹೊಟ್ಟೆ ಉಬ್ಬರಿಸಿದ್ದರೆ ಹೊಟ್ಟೆಗೆ. ಹತ್ತು ವರ್ಷದಿಂದ ಆ ಕೆಲಸ ಬೀರೇಶನದು. ಮೇವು ಬಿಟ್ಟು ನಿಂತ ಕುರಿ ಎಲ್ಲರಿಗಿಂತ ಮುಂಚೆ ಅವನ ಕಣ್ಣಿಗೇ ಬೀಳುತ್ತಿತ್ತು. "ನನ್ನಳಿಯನ ಗುರುತು ಒಂದ್ಸಲಾನೂ ತಪ್ಪಿಲ್ಲ" ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅಂಥ ಬೀರೇಶ ಮೂರು ತಿಂಗಳಿಂದ ಅಂಗಿಗಳಿಗೆ ಬಣ್ಣ ಮೆತ್ತಿಕೊಂಡು ಮನೆಗೆ ಬರತೊಡಗಿದ. ಒಂದಾಯಿತು, ಎರಡಾಯಿತು, ಮೂರನೆಯದೂ ಹಾಳಾದಾಗ ನಮ್ಮವ್ವ ಬರಗೇರಮ್ಮ ಹೋಗಿ ತನ್ನ ತಮ್ಮ ಗುಡ್ಡಪ್ಪನಿಗೆ ದೂರು ಕೊಟ್ಟಳು. ಮಾವ ಡಬ್ಬಿ ಕಿತ್ತುಕೊಳ್ಳಲು ಹೋದ. ಕಚ್ಚಿಸಿಕೊಂಡರೂ ಬಿಡದೆ ಕಿತ್ತು ತನ್ನ ಹತ್ತಿರ ಇಟ್ಟುಕೊಂಡ. ಹಾಸ್ಟೆಲಿನ ಮಾತು ಹುಟ್ಟಿದ್ದು ಅಲ್ಲಿಂದಲೇ.

ಹಾಸ್ಟೆಲಿನವರು ಕಲೆ ಇಲ್ಲದ ಆರು ಅಂಗಿ ತರಬೇಕೆಂದು ಪಟ್ಟಿ ಕೊಟ್ಟಿದ್ದರು. ಅವ್ವ ಸೋಪು ಹಾಕಿ ಉಜ್ಜಿ ಉಜ್ಜಿ ಸೋತು, ಕಲೆಯಾದ ಮೂರನ್ನೂ ಹಗ್ಗಕ್ಕೆ ಸಾಲಾಗಿ ಒಣಹಾಕಿದ್ದಳು. ಎಷ್ಟು ಹೋಗಿದೆ ನೋಡೋಣವೆಂದು ಹಿತ್ತಲಿಗೆ ಹೋದೆ. ನೀಲಿ ಅಂಗಿ, ಚೌಕಳಿ ಅಂಗಿ, ಬಿಳಿ ಅಂಗಿ. ಮೂರಕ್ಕೂ ನಾಲ್ಕನೇ ಗುಂಡಿಯ ಪಕ್ಕ, ಎಡಕ್ಕೆ, ಎರಡು ಬೆರಳಗಲ ಕೆಂಪು. ಬಣ್ಣ ಸಿಡಿದಿದ್ದರೆ ತೋಳಿಗೂ ಆಗಬೇಕಿತ್ತು, ಕಾಲರಿಗೂ ಆಗಬೇಕಿತ್ತು. ಎಲ್ಲೂ ಇಲ್ಲ. ಮೂರರಲ್ಲೂ ಅದೇ ಜಾಗ.

"ಅವ್ವಾ! ಮಾವಾ! ಬರ್ರಿ ಇಲ್ಲಿ! ಇವನು ಬಣ್ಣ ಚೆಲ್ಲಿಕೊಂಡಿಲ್ಲ, ಗುರುತು ಹಾಕ್ಕೊಂಡವ್ನೆ!"

ಅವ್ವ ಬಂದು ಒಂದು ಅಂಗಿ ಮುಟ್ಟಿದಳು, ಇನ್ನೊಂದು ಮುಟ್ಟಿದಳು, ಮೂರನೆಯದರ ಹತ್ತಿರ ಕೈ ನಿಂತಿತು. ಮಾವ ಮುಂಗೈಯ ಬ್ಯಾಂಡೇಜು ಹಿಡಿದುಕೊಂಡು ಅಂಗಿಗಳನ್ನು ಒಂದೊಂದಾಗಿ ನೋಡಿದ. ಇನ್ನೂರು ಮೂಕ ಪ್ರಾಣಿಗಳ ನೋವು ಬಲ್ಲ ಮನುಷ್ಯ! ನನಗೆ ಮೈಯೆಲ್ಲ ಉರಿಯಿತು. ನನ್ನ ಮೇಲೂ ಉರಿಯಿತು.

"ಡಬ್ಬಿ ಕೊಡು ಮಾವ."

"ಮತ್ತೆ ಕಚ್ಚಿದ್ರೆ?"

"ಕಚ್ಚಲಿ, ಕೊಡು."

ಬೀರೇಶ ಬೇವಿನ ಮರದ ಕೆಳಗೆ ಕುಂತಿದ್ದ. ನಾನು ಡಬ್ಬಿಯನ್ನು ಅವನ ಮುಂದಿಟ್ಟು ದೂರ ಸರಿದೆ. ಅವನು ಡಬ್ಬಿ ನೋಡಿದ, ಮಾವನನ್ನು ನೋಡಿದ. ಆಮೇಲೆ ಅಂಗಿ ಮೇಲೆತ್ತಿ, ಬೆರಳು ಅದ್ದಿ, ಹೊಕ್ಕುಳಿಗಿಂತ ಮೇಲೆ, ಎಡಕ್ಕೆ, ಎರಡು ಬೆರಳಗಲ ಬಣ್ಣ ಹಚ್ಚಿಕೊಂಡ. ಹಚ್ಚಿ, ಹೊಟ್ಟೆ ಕಾಣುವಂತೆ ಮಾವನ ಕಡೆ ತಿರುಗಿ ಕುಂತ. ಡಾಕ್ಟರು ಬಂದಾಗ ಕುರಿಯನ್ನು ಹಾಗೆಯೇ ತಿರುಗಿಸಿ ನಿಲ್ಲಿಸುತ್ತಿದ್ದ.

"ಅಯ್ಯೋ ನನ್ನಪ್ಪಾ" ಎಂದು ಮಾವ ನೆಲಕ್ಕೆ ಕುಕ್ಕರಿಸಿದ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅವನು ಹೇಳಿದ್ದ! ಬಾಯಿ ಇರುವ ನಮಗಿಂತ ಸ್ಪಷ್ಟವಾಗಿ ಹೇಳಿದ್ದ!

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ನಾಲ್ವರೂ ಚಿತ್ರದುರ್ಗಕ್ಕೆ ಹೊರಟೆವು. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸುವಾಗ ಟೀ ಕುಡಿಯಲೂ ಬಿಡದೆ ಎಲ್ಲರನ್ನೂ ಹತ್ತಿಸಿದೆ. "ಆಸ್ಪತ್ರೆ ಎಲ್ಲಿಗೂ ಓಡೋಗಲ್ಲ ಕಣವ್ವ" ಎಂದು ಮಾವ ಗೊಣಗಿದ. ಬ್ಯಾಗಿನಲ್ಲಿ ಮೂರು ಅಂಗಿಗಳಿದ್ದವು, ಹಾಸ್ಟೆಲಿನ ಅರ್ಜಿಯೂ ಇತ್ತು. ಹಳೆಯ ಡಾಕ್ಟರ ಕಡೆ ತಲೆಯೂ ಹಾಕಲಿಲ್ಲ. ನನ್ನ ಅಂಗಡಿಗೆ ಜೆರಾಕ್ಸಿಗೆ ಬರುವ ಡಾಕ್ಟರ್ ಯಶೋದಾ ಅವರ ಕ್ಲಿನಿಕ್ಕಿಗೆ ನೇರವಾಗಿ ನುಗ್ಗಿದೆ. ಅವರೂ "ಆಟಿಸಂ ಇರೋರು ಹೀಗೇ" ಎಂದರೆ ಅರ್ಜಿಗೆ ಸಹಿ ಬೀಳುತ್ತದೆ, ನಾಳೆ ನನ್ನ ತಮ್ಮನ ಹಿಂದೆ ಗೇಟು ಮುಚ್ಚುತ್ತದೆ.

ಮೂರು ಅಂಗಿಗಳನ್ನೂ ಮೇಜಿನ ಮೇಲೆ ಹರವಿ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಎದ್ದು ಬಂದು ಬೀರೇಶನ ಮುಂದೆ ಕುಂತರು.

"ಬೀರೇಶ್, ಹೊಟ್ಟೆ ಮುಟ್ಟಿ ನೋಡ್ಲಾ?"

ಅವನನ್ನು ಕೇಳಿದ ಮೊದಲ ಡಾಕ್ಟರು ಅವರೇ. ಅವನು ತಾನೇ ಹೋಗಿ ಮಂಚದ ಮೇಲೆ ಮಲಗಿದ. ಬಣ್ಣದ ಜಾಗ ಒತ್ತಿದಾಗ ಮೈ ಬಿಲ್ಲಾಯಿತು. ಆದರೂ ಅವನು ಕೈ ತಳ್ಳಲಿಲ್ಲ, ಕಚ್ಚಲಿಲ್ಲ.

"ಇದು ಹೊಟ್ಟೆಯೊಳಗಿನ ಹುಣ್ಣಿರಬಹುದು. ಇವತ್ತೇ ಕ್ಯಾಮೆರಾ ಬಿಟ್ಟು ನೋಡಿಸ್ತೀನಿ" ಎಂದರು. "ಸುಪ್ರಿಯಾ, ಆಟಿಸಂ ಇರೋರಲ್ಲಿ ಹೊಟ್ಟೆ, ಕರುಳಿನ ಕಾಯಿಲೆ ಬೇರೆಯವರಿಗಿಂತ ಜಾಸ್ತಿ. ಫಿಟ್ಸ್ ಕೂಡ, ನಿದ್ದೆ ತೊಂದರೆ ಕೂಡ. ದೊಡ್ಡವರಾದ ಮೇಲೆ ಇನ್ನೂ ಏನೇನೋ ಸೇರ್ಕೊಳ್ತವೆ. ಇವರು ಹಣೆ ಚಚ್ಚಿಕೊಂಡ್ರೆ ನಾವು ಹಣೆಬರಹ ಅಂತೀವಿ, ಎಲ್ಲಿ ನೋವು ಅಂತ ಕೇಳಲ್ಲ. ಆ ಹಾಸ್ಟೆಲ್ ಅರ್ಜಿಗೆ ನಾನು ಸಹಿ ಹಾಕಲ್ಲ. ಮೊದಲು ನೋವು ಹೋಗ್ಲಿ."

ನಾನು ಅಲ್ಲೇ ಅರ್ಜಿಯನ್ನು ನಾಲ್ಕು ಚೂರು ಮಾಡಿದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಡಿಯಲೇ ಬೀರ, ವಾಸಿಯಾದ ಮ್ಯಾಲೆ ರೊಪ್ಪಕ್ಕೇ ಹೋಗಾಣ" ಎಂದು ಮಾವ ಡಾಕ್ಟರ ಎದುರಿಗೇ ಸಿಳ್ಳೆ ಹಾಕಿದ. ನನಗೆ ಕುಣಿಯಬೇಕೆನಿಸಿತ್ತು.

"ಎಷ್ಟು ದಿನದಿಂದ ನೋವು?" ಎಂದು ಡಾಕ್ಟರು ಬರೆಯುತ್ತ ಕೇಳಿದರು.

"ಮೂರು ತಿಂಗಳಿಂದ" ಎಂದೆ ನಾನು.

"ಬೇಡ" ಎಂದ ಬೀರೇಶ. ಅಲ್ಲ ಎನ್ನಲೂ ಅವನ ಬಳಿ ಇರುವುದು ಆ ಮಾತೇ.

ಮಂಚದಿಂದಿಳಿದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದ. ಯಾವ ಕುರಿ ಯಾವತ್ತು ಈದಿತೆಂದು ಮಾವನಿಗೆ ಅವನು ತೋರಿಸುವುದೂ ಕ್ಯಾಲೆಂಡರಿನಲ್ಲೇ. ಆಗಸ್ಟಿನಿಂದ ಹಿಂದಕ್ಕೆ ಹಾಳೆ ತಿರುವುತ್ತ ಹೋದ. ಜನವರಿ ಬಂತು. ಅಲ್ಲಿಗೆ ನಿಲ್ಲಿಸುತ್ತಾನೆಂದುಕೊಂಡೆ. ನಿಲ್ಲಿಸಲಿಲ್ಲ. ಕ್ಯಾಲೆಂಡರನ್ನೇ ಎತ್ತಿ, ಅದರ ಹಿಂದಿನ ಬರೀ ಗೋಡೆಯ ಮೇಲೆ ಬೆರಳಾಡಿಸಿ ಹುಡುಕಿದ.

ಡಾಕ್ಟರು ಪೆನ್ನು ಕೆಳಗಿಟ್ಟರು. ಬೀರುವಿನಿಂದ ಹೋದ ವರ್ಷದ ಕ್ಯಾಲೆಂಡರ್ ತೆಗೆದು ಅವನ ಕೈಗೆ ಕೊಟ್ಟರು. ಅವನು ಡಿಸೆಂಬರಿನಿಂದ ತಿರುವಿ ತಿರುವಿ ಏಪ್ರಿಲ್‌ಗೆ ಬಂದು, ಕೆಂಪಕ್ಷರದ ಒಂದು ಮನೆಯ ಮೇಲೆ ಬೆರಳಿಟ್ಟ. ಯುಗಾದಿ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಾನೇ ಮಾಡಿದ ಹೋಳಿಗೆಯ ತಟ್ಟೆಯನ್ನು ಅವನು ಎರಡು ಸಲ ದೂರ ತಳ್ಳಿದ್ದ. ಹಬ್ಬದ ದಿನ ಅನ್ನವನ್ನು ನೂಕುತ್ತೀಯಾ ಎಂದು ನಾನು ಅವನ ಕೆನ್ನೆಗೆ ಹೊಡೆದಿದ್ದೆ.