ಕೆಚ್ಚಲು ತೊಳೆಯುವ ಬಿಸಿನೀರು

ಚುಕ್ಕಿಯ ಕೆಚ್ಚಲು ತೊಳೆಯಲೆಂದು ತಂದ ಬಿಸಿನೀರಿನಲ್ಲಿ ಯಲ್ಲಮ್ಮ ಮೊದಲು ತನ್ನ ಕೈಗಳನ್ನೇ ಅದ್ದಿ ಕೂತಳು. ಸ್ವಲ್ಪ ಹೊತ್ತು ಹಾಗೇ ಇಟ್ಟರೆ ಬೆರಳುಗಳು ಒಂದಿಷ್ಟು ಮಡಚಿಕೊಳ್ಳುತ್ತಿದ್ದವು. ಇಲ್ಲದಿದ್ದರೆ ಬೆಳಗಿನ ಹೊತ್ತು ಅವು ಅವಳ ಮಾತು ಕೇಳುತ್ತಲೇ ಇರಲಿಲ್ಲ. ಹಸು ತಿರುಗಿ ನೋಡಿ ಕಾಲು ಬದಲಿಸಿತು.

"ಇರೇ, ಬಂದೆ. ನಿಂಗೇನ್ ಆಪೀಸಿಗೆ ಟೈಮಾಯ್ತಾ?" ಎಂದಳು.

ಅಲ್ಲಾಳಸಂದ್ರದ ಆ ಬೀದಿಯಲ್ಲಿ ಕೊಟ್ಟಿಗೆ ಉಳಿಸಿಕೊಂಡಿದ್ದ ಮನೆ ಅದೊಂದೇ. ಮೇಲಿನ ಎರಡು ಮಹಡಿ ಬಾಡಿಗೆಗೆ, ಕೆಳಗೆ ಮನೆಯವರು, ಪಕ್ಕದ ಶೀಟಿನಡಿ ಚುಕ್ಕಿ ಮತ್ತು ಅದರ ಕರು. ಗಂಡ ಮುನಿರಾಜು ಹಾಲಿನ ಕ್ಯಾನನ್ನು ಸ್ಕೂಟರಿನಲ್ಲಿಟ್ಟುಕೊಂಡು ಕೆರೆಯಾಚೆಯ ಅಪಾರ್ಟ್‌ಮೆಂಟುಗಳಿಗೆ ಹಾಕಿ ಬರುತ್ತಿದ್ದ. ಕೊಟ್ಟಿಗೆ ತುಂಬ ಹಸುಗಳಿದ್ದ ಕಾಲವೂ ಇತ್ತು. ಒಂದೊಂದೇ ಹೋಗಿ, ಯಲ್ಲಮ್ಮನ ಹಠಕ್ಕೆ ಇದೊಂದು ಉಳಿದಿತ್ತು. ಮನೆ ಗಂಡನ ಹೆಸರಿನಲ್ಲಿತ್ತು, ಅಡುಗೆಮನೆ ಇನ್ನೂ ಅತ್ತೆಯದು. ಚುಕ್ಕಿ ಮಾತ್ರ ಅವಳದು. ಅದು ಹುಟ್ಟುವಾಗ ಕಾಲು ಹಿಡಿದು ಹೊರಗೆಳೆದವಳೇ ಅವಳು.

ನಲವತ್ತೆಂಟರ ಹೊತ್ತಿಗೆ ಯಲ್ಲಮ್ಮನ ಮುಟ್ಟು ತನಗೆ ಮನಸ್ಸು ಬಂದಾಗ ಬರತೊಡಗಿತ್ತು. ಅದರ ಬೆನ್ನಿಗೇ ಈ ನೋವು. ಒಂದು ದಿನ ಹೆಗಲು, ಒಂದು ದಿನ ಮಂಡಿ, ಬೆರಳ ಗಿಣ್ಣುಗಳಂತೂ ದಿನಾ. ಯಲಹಂಕದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, "ವಾತ ಏನಿಲ್ಲಮ್ಮ. ಮುಟ್ಟು ನಿಲ್ಲೋ ವಯಸ್ಸಲ್ಲಿ ಕೆಲವರಿಗೆ ಕೀಲೆಲ್ಲಾ ಹಿಂಗೆ ಹಿಡ್ಕೊಳ್ಳುತ್ತೆ. ಬಿಸಿನೀರಲ್ಲಿ ಕೈ ಇಡಿ, ಮೊಟ್ಟೆ, ಕಾಳು ತಿನ್ನಿ, ಸ್ವಲ್ಪ ಭಾರ ಎತ್ತೋ ವ್ಯಾಯಾಮ ಮಾಡಿ," ಎಂದಿದ್ದರು. ಸಗಣಿ ಮಂಕರಿ ಎತ್ತಿದರೆ ನಡೆಯುತ್ತದೆಯೇ ಎಂದು ಕೇಳಬೇಕೆನಿಸಿ, ನಾಚಿಕೊಂಡು ಎದ್ದು ಬಂದಿದ್ದಳು. ನಿದ್ದೆ ಹತ್ತುತ್ತಿರಲಿಲ್ಲ. ಬೆಳಗಾದರೆ ಎದ್ದು ನಿಲ್ಲುವುದೇ ಒಂದು ಕೆಲಸ. ಮನೆಯಲ್ಲಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಕೈಲಾಗುವುದಿಲ್ಲ ಎಂದ ದಿನವೇ ಗಂಡ ಹಸುವಿಗೆ ಗಿರಾಕಿ ಹುಡುಕುತ್ತಾನೆಂದು ಅವಳಿಗೆ ಗೊತ್ತಿತ್ತು.

ಆದರೆ ಎಷ್ಟು ದಿನ ಮುಚ್ಚಿಟ್ಟಾಳು? ಅರ್ಧ ಕರೆಯುವಷ್ಟರಲ್ಲಿ ಹೆಬ್ಬೆರಳು ಸೆಟೆದುಕೊಳ್ಳುತ್ತಿತ್ತು. ಉಳಿದದ್ದನ್ನು ಕರುವಿಗೆ ಬಿಡುತ್ತಿದ್ದಳು. ಕ್ಯಾನು ದಿನೇದಿನೇ ಹಗುರಾಯಿತು, ಕರು ದಿನೇದಿನೇ ಗುಂಡಗಾಯಿತು. ಮುನಿರಾಜು ಕ್ಯಾನನ್ನು ಮಾತ್ರ ನೋಡಿದ.

"ಬತ್ತೋಯ್ತು ಕಣೇ ಇದು," ಎಂದ, ಆ ಬೆಳಗ್ಗೆ ಸ್ಕೂಟರಿಗೆ ಕ್ಯಾನು ಸಿಕ್ಕಿಸುತ್ತಾ. "ಸುಮ್ಕೆ ಬೂಸ ತಿನ್ಸಿ ಏನ್ ಮಾಡಾದು? ಸಾಯಂಕಾಲ ನರಸಿಂಹಯ್ಯಂಗೆ ಬರಾಕ್ ಯೋಳಿವ್ನಿ."

ನರಸಿಂಹಯ್ಯ ದೊಡ್ಡಬಳ್ಳಾಪುರದ ಕಡೆಯ ದನದ ದಲ್ಲಾಳಿ. ಹಸು ಬತ್ತಿಲ್ಲ ಎನ್ನಬೇಕಾದರೆ ಕೈ ತೋರಿಸಬೇಕು, ಕೈ ತೋರಿಸಿದರೂ ಹಸು ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಮಧ್ಯಾಹ್ನ ಯಲ್ಲಮ್ಮ ಚುಕ್ಕಿಯ ಮೈ ತೊಳೆದಳು. ಕೊಟ್ಟು ಕಳಿಸುವ ಹಸುವಿನ ಮೈ ತೊಳೆದಂತಾಯಿತಲ್ಲ ಎಂದು ಹೊಳೆದು, ನಡುವೆಯೇ ನಿಲ್ಲಿಸಿದಳು.

ಸಾಯಂಕಾಲ ನರಸಿಂಹಯ್ಯ ಬಂದವನು ಹಲ್ಲು ನೋಡಿದ, ಕೆಚ್ಚಲು ಒತ್ತಿ ನೋಡಿದ, ಕೊನೆಗೆ ಪಂಚೆ ಎತ್ತಿಕಟ್ಟಿ, "ಎಲ್ಲಿ, ಬಕೆಟ್ ಕೊಡವ್ವ," ಎಂದು ತಾನೇ ಕರೆಯಲು ಕೂತ. ಹಾಲು ಸುರ್ರನೆ ಬಕೆಟ್ಟಿಗೆ ಬಿತ್ತು. ನೊರೆ ಏರುತ್ತಾ ಏರುತ್ತಾ ಅಂಚಿಗೆ ಬಂತು. ಮುನಿರಾಜು ಬಕೆಟ್ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

"ಇಷ್ಟೊಂದ್ ಆಲು ಬೆಳಗ್ಗೆ ಎಲ್ಲೋಗಿತ್ತು?"

"ಕೆಲವು ಅಸ ಕಳ್ಳಾಟ ಆಡ್ತವೆ ಕಣಪ್ಪ," ಎಂದ ನರಸಿಂಹಯ್ಯ. "ಮೊಂಡು ಜಾತಿ."

ಹೂಂ ಎಂದಿದ್ದರೆ ಯಲ್ಲಮ್ಮನ ಗುಟ್ಟು ಅಲ್ಲಿಗೇ ಉಳಿಯುತ್ತಿತ್ತು. ಆದರೆ ಚುಕ್ಕಿ ಕಳ್ಳಿ ಎನ್ನಿಸಿಕೊಂಡು ಈ ಮನೆ ಬಿಡುವುದು ಅವಳಿಗೆ ಸಹಿಸಲಾಗಲಿಲ್ಲ.

"ಅದುರ್ದೇನೂ ತಪ್ಪಿಲ್ಲ," ಎಂದಳು. "ನನ್ ಕೈ ಬರಲ್ಲ. ಗಣೇಶನ ಅಬ್ಬದಿಂದ ಬೆರಳು ಮಡ್ಚಾಕಾಗ್ತಿಲ್ಲ. ಮಿಕ್ಕಿದ್ದು ಕರಾ ಕುಡಿತಿತ್ತು."

ಮುನಿರಾಜುವಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎದುರಾಡಬಹುದಿತ್ತು. ಅವನು ಮೆತ್ತಗೆ, "ಮೊದ್ಲೇ ಯೋಳ್ಬಾರ್ದಾ? ಅಂಗಾದ್ರೆ ಕೊಟ್ಬುಡಾದೇ ವಾಸಿ. ನಿಂಗೂ ಆರಾಮು," ಎಂದ. ಯಲ್ಲಮ್ಮ ಚುಕ್ಕಿಯ ಹಗ್ಗ ಹಿಡಿದುಕೊಂಡು ನಿಂತಳು.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಮುನಿಶಾಮಮ್ಮ ತಲೆಯೆತ್ತದೆ ಕೇಳಿದಳು: "ಲೋ ಮುನಿರಾಜು, ಆ ವರ್ಷ ನಿನ್ ಮದ್ವೆ ಯಾಕ್ಲಾ ಅಷ್ಟ್ ಬಿರ್ರನೆ ಮಾಡ್ದೆ, ಗೊತ್ತಾ?"

"ಈಗ್ಯಾಕಮ್ಮ ಅದು?"

"ನಂಗೂ ಆಗ ಇವಳಷ್ಟೇ ವಯಸ್ಸು. ಮುಟ್ಟು ನಿಲ್ತಾ ಇತ್ತು. ಬೆರಳು ಇಂಗೇ ಕಟ್ಟಿಗೆ ಆಗೋಯ್ತು. ಕೊಟ್ಗೆ ತುಂಬ ಅಸ. ನಿಮ್ಮಪ್ಪಂಗೆ ಯೋಳಾಕೆ ನಾಚ್ಕೆ. ಒಂದು ಸೊಸೆ ತಂದ್ಬುಡಾವ ಅಂದೆ. ತಂದೆ, ಕೈಗೆ ಬಕೆಟ್ ಕೊಟ್ಟೆ."

ಮದುವೆಯಾದ ಮೂರನೇ ಬೆಳಗ್ಗೆ, ಅಂಗೈಯ ಮದರಂಗಿ ಇನ್ನೂ ಕೆಂಪಗಿರುವಾಗಲೇ, "ಇನ್ಮೇಲೆ ಇದು ನಿನ್ ಕೆಲ್ಸ" ಎಂದು ಬಕೆಟ್ ಕುಕ್ಕಿ ಹೋದ ಅತ್ತೆಯನ್ನು ಯಲ್ಲಮ್ಮ ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದಳು. ಕೂತು ಉಣ್ಣುವ ಗಟ್ಟಿಗಿತ್ತಿ ಎಂದು ತವರಿನಲ್ಲಿ ಹೇಳಿಕೊಂಡು ಅತ್ತಿದ್ದಳು. ಈಗ ಅವಳಿಗೆ ಸಿಟ್ಟೇ ಬಂತು. ಒಂದು ಮಾತು ಹೇಳಿದ್ದರೆ ಮುದುಕಿಯ ಗಂಟೇನು ಹೋಗುತ್ತಿತ್ತು? ಆದರೆ ತಾನಾದರೂ ಯಾರಿಗೆ ಹೇಳಿದ್ದಳು? ಸಿಟ್ಟು ಉಳಿಸಿಕೊಳ್ಳಲೂ ಮೈಯಲ್ಲಿ ಶಕ್ತಿ ಇರಲಿಲ್ಲ.

"ಆಮೇಲೆ ಕೈ ಏನಾಯ್ತು ಅತ್ತೆ?"

"ಎರಡು ಮೂರು ವರ್ಷಕ್ಕೆ ತಾನಾಗೇ ಸಡ್ಲ ಆಯ್ತು. ಅಷ್ಟೊತ್ತಿಗೆ ಅಸಗಳು ನಿನ್ ಕೈ ಕಲ್ತಿದ್ವು. ನಾನ್ ಮುಟ್ಟಿದ್ರೆ ಒದೀತಿದ್ವು." ಮುನಿಶಾಮಮ್ಮ ಮೊರ ಪಕ್ಕಕ್ಕಿಟ್ಟಳು. "ಇವ್ಳಿಗೆ ಮಗ ಇಲ್ಲ, ಸೊಸೆ ಎಲ್ಲಿಂದ ತತ್ತಾಳೆ? ನಾನಿವ್ನಿ. ನರಸಿಂಹಯ್ಯ, ಕಾಪಿ ಕುಡ್ಕೊಂಡು ಒಂಟೋಗಪ್ಪ. ಮುನಿರಾಜು, ನೀನು ನೀರು ಕಾಯ್ಸಾದಾದ್ರೂ ಕಲ್ತ್ಕೊ."

ಮರುದಿನ ಬೆಳಗ್ಗೆ ಬಿಸಿನೀರಿನ ಬಕೆಟ್ ಯಲ್ಲಮ್ಮ ಬರುವ ಮೊದಲೇ ಕೊಟ್ಟಿಗೆಯಲ್ಲಿತ್ತು. ತೀರಾ ಹೆಚ್ಚೇ ಕಾದಿತ್ತು. ಅತ್ತೆ ಸೊಸೆ ತಣ್ಣೀರು ಬೆರೆಸಿ, ನಾಲ್ಕೂ ಕೈಗಳನ್ನು ಅದ್ದಿ ಕೂತರು. ಆಮೇಲೆ ಹಸುವಿನ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು. ಗೊತ್ತಿಲ್ಲದ ಕೈ ತಾಗಿ ಚುಕ್ಕಿ ಕಾಲೆತ್ತಿತು. ಯಲ್ಲಮ್ಮ ಹೊಟ್ಟೆ ಸವರಿದ ಮೇಲೆ ಇಳಿಸಿತು. ಹಾಲು ಒಮ್ಮೆ ಅಲ್ಲಿಂದ, ಒಮ್ಮೆ ಇಲ್ಲಿಂದ, ನಡುನಡುವೆ ನಿಂತು, ಮತ್ತೆ ಬಿತ್ತು. ಅತ್ತ ಕರು ಹಗ್ಗ ಜಗ್ಗಿ ಕೂಗುತ್ತಿತ್ತು.

ಮುನಿರಾಜು ಕ್ಯಾನು ತುಂಬಿಸಿಕೊಂಡು ಹೋದ. ಮುನಿಶಾಮಮ್ಮ ಹಸುವಿನ ಹೊಟ್ಟೆಯಡಿಯಿಂದ ಕೈ ಚಾಚಿ, "ಎಬ್ಬಿಸವ್ವ," ಎಂದಳು. ಯಲ್ಲಮ್ಮ ಆ ಕೈ ಹಿಡಿದುಕೊಂಡಳು. ತನ್ನ ಮಂಡಿಯೂ ಏಳಲಿಲ್ಲ. ಹೊರಗೆ ಸ್ಕೂಟರಿನ ಸದ್ದು ಕೆರೆಯ ಕಡೆ ದೂರವಾಯಿತು. ಹಿಡಿದ ಕೈ ಬಿಡದೆ ಇಬ್ಬರೂ ಹಾಗೇ ಕೂತಿದ್ದರು, ಮೇಲೆ ಚುಕ್ಕಿ ಮೆಲುಕು ಹಾಕುತ್ತಿತ್ತು.