ಮಾತು ಬೀಳುವ ಕಿಟಕಿ

ರಾಜ ಮಂಚದ ಮೇಲೆ ಸಾಯುತ್ತಿದ್ದ. ಕಿವಿ ಕೇಳದವರು ಓದಲೆಂದು ವೇದಿಕೆಯ ಪಕ್ಕದಲ್ಲಿಟ್ಟ ಪರದೆಯಲ್ಲಿ ಅವನ ಕೊನೆಯ ಮಾತು ಮೂಡಬೇಕಿತ್ತು. 'ಬರ್ತಾ ಹಾಲು ತಾ. ಈ ಮನುಷ್ಯ ಸತ್ತರೆ ತಾನೆ ನಾವು ಹೊರಡೋದು' ಎಂದು ಮೂಡಿತು. ಕಿವಿ ಕೇಳುವವರೂ ನಕ್ಕರು. ರಾಜ ನಗು ತಡೆಯಲಾರದೆ ದಿಂಬಿಗೆ ಮುಖ ಒತ್ತಿಕೊಂಡ.

ಅದು ಬೆರಳಚ್ಚುಗಾರ್ತಿ ತನ್ನ ಮೈದುನನಿಗೆ ಬರೆದದ್ದು. ಅವನು ಹಿಂಬದಿಯ ಅಟ್ಟದಲ್ಲಿ ಕೂತು ದೀಪ ನೋಡಿಕೊಳ್ಳುವವನು. ಇವಳು ವೇದಿಕೆಯ ಬದಿಯಲ್ಲಿ ಕೂತು, ನಟರು ಆಡಿದ್ದನ್ನು ಆಡಿದ ಹಾಗೇ ಟೈಪಿಸುವವಳು. ಇಬ್ಬರ ನಡುವೆ ದೀಪದ ಸೂಚನೆಗೆಂದು ಶುರುವಾದ ಚಾಟು, ಈಚೆಗೆ ಹಾಲು, ತರಕಾರಿ, ಯಾರ ಮೀಸೆ ಕಳಚುತ್ತಿದೆ ಎಂಬಲ್ಲಿಗೆ ಬಂದು ನಿಂತಿತ್ತು.

"ನಾಳೆ ಇನ್ನೊಂದು ಸಲ ಹೀಗಾದ್ರೆ ಪರದೆ ಆರಿಸಿಬಿಡ್ತೀನಿ ಕಣಮ್ಮ. ಬೇಜಾರು ಮಾಡ್ಕೋಬೇಡ" ಎಂದ ನಿರ್ದೇಶಕ.

ನಾಳೆ ಬರುವವರು ಕಿವಿ ಕೇಳದ ಅತ್ತೆ. ಕಿರಿಮಗ ನಾಟಕಕ್ಕೆ ಸೇರಿ ಇಷ್ಟು ಕಾಲವಾದರೂ, "ಬಾಯಿ ಆಡಿಸೋದು ನೋಡೋಕೆ ಅಷ್ಟು ದೂರ ಯಾಕೆ, ಮನೇಲೇ ನೋಡ್ತೀನಲ್ಲ" ಎಂದು ಒಂದು ದಿನವೂ ಬಾರದವರು. ಪರದೆ ಇದೆ ಎಂದು ಸೊಸೆ ಗೋಗರೆದ ಮೇಲೆ ಒಪ್ಪಿದ್ದರು.

ಬೆಳಿಗ್ಗೆ ಖಾಲಿ ರಂಗಮಂದಿರದಲ್ಲಿ ಅತ್ತಿಗೆ, ಮೈದುನ ಕಂಪ್ಯೂಟರಿನ ಮುಂದೆ ಕೂತರು.

"ಅತ್ತಿಗೆ, ನೀವು ಟೈಪ್ ಮಾಡುವಾಗ ಕೀಲೀನೂ ನೋಡಲ್ಲ, ಮಾನಿಟರೂ ನೋಡಲ್ಲ. ಗರ್ವ ಜಾಸ್ತಿ."

"ನಟರ ಬಾಯಿ ನೋಡ್ಬೇಕಲ್ಲಪ್ಪ. ನಿನ್ನ ಹಾಗೆ ಗುಂಡಿ ಒತ್ತಿ ಆಕಳಿಸೋ ಕೆಲಸವಾ ನಂದು?"

ಮೊದಲ ಅನುಮಾನ ಮೌಸಿನ ಮೇಲೆ. ಬಾಣ ಯಾವ ವಿಂಡೋದ ಮೇಲೆ ನಿಂತಿದೆಯೋ ಅಕ್ಷರವೂ ಅದರೊಳಗೇ ಬೀಳುವಂತೆ ಯಾರೋ ಹೊಂದಿಸಿಟ್ಟಿದ್ದರು. ಮೊಣಕೈ ತಾಗಿದರೂ ಸಾಕು, ಮಾತು ಮನೆ ಬದಲಿಸುತ್ತಿತ್ತು. ಮೈದುನ ಅದನ್ನು ತೆಗೆದು, ಕ್ಲಿಕ್ಕಿಸಿದರೆ ಮಾತ್ರ ಬದಲಾಗುವಂತೆ ಮಾಡಿದ. ಮೌಸನ್ನು ಮೇಜಿನ ಆಚೆ ತುದಿಗೆ ತಳ್ಳಿ ಅಟ್ಟ ಹತ್ತಿದ.

ಅವಳು ರಾಜನ ಸಾವನ್ನು ನೆನಪಿನಿಂದ ಟೈಪಿಸತೊಡಗಿದಳು. ಅರ್ಧದಲ್ಲಿ ಮೇಲಿನಿಂದ ದನಿ ಬಂತು.

"'ಮಗಳೇ, ನನ್ನ ಕಿರೀಟ ಮಾರಿಬಿಡು' ಅಂತ ನನಗ್ಯಾಕೆ ಕಳಿಸಿದ್ರಿ?"

"ಅದಕ್ಕೆ ಮುಂಚೆ ನೀನೇನು ಕಳಿಸ್ದೆ?"

"'ಸರಿ ಇದೆ' ಅಂದೆ, ಅಷ್ಟೆ."

"ಇನ್ನೊಂದ್ಸಲ ಅನ್ನು, ನೋಡೋಣ."

ಈ ಸಲ ಅವಳು ಮಾನಿಟರ್ ನೋಡುತ್ತಿದ್ದಳು. ಚಾಟಿನ ವಿಂಡೋ ಕರೆಯದೆ ಬಂದ ನೆಂಟನಂತೆ ಎಲ್ಲರ ಮುಂದೆ ಬಂದು ಕೂತಿತು. ಮಿನುಗುವ ಗೆರೆಯೂ ಅದರೊಳಕ್ಕೇ ಹೋಯಿತು. ನಿನ್ನೆಯ ಎಡವಟ್ಟು ಆಗ ಅರ್ಥವಾಯಿತು: ಸಂದೇಶ ಬಂದೊಡನೆ ಯಂತ್ರ ತಾನಾಗಿ ಚಾಟಿಗೆ ಹೋಗಿತ್ತು. ಇವಳು ನೋಡದೆ, ಚಾಟಿಗೆ ಹೋಗಲೆಂದು ಅಭ್ಯಾಸಬಲದಿಂದ ವಿಂಡೋ ಬದಲಿಸುವ ಕೀಲಿ ಒತ್ತಿ, ತಿರುಗಿ ಪರದೆಗೇ ಬಂದಿದ್ದಳು.

"ಮೌಸೂ ಅಲ್ಲ, ನಾನೂ ಅಲ್ಲ. ನೀನು."

"ಹೂಂ, ಎಲ್ಲಾ ಬಿಟ್ಟು ನನ್ನ ಮೇಲೆ ಗೂಬೆ ಕೂರಿಸಿ."

ಗೊಣಗುತ್ತಲೇ ಇಳಿದುಬಂದು ಸೆಟ್ಟಿಂಗಿನಲ್ಲಿ ತಡಕಾಡಿದ. ಸಂದೇಶ ಬಂದರೆ ಚಾಟು ಮುಂದೆ ನುಗ್ಗದೆ, ಕೆಳಗಿನ ಪಟ್ಟಿಯಲ್ಲಿ ಕೆಂಪಗೆ ಮಿನುಗುತ್ತ ಕಾಯುವಂತೆ ಮಾಡಿದ. ಮತ್ತೆ ಮತ್ತೆ ಕಳಿಸಿ ನೋಡಿದರು. ಅದು ಕಾಯುತ್ತಲೇ ಇತ್ತು.

ಸಂಜೆ ಅತ್ತೆ ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತರು. ಪರದೆ ತಪ್ಪಲಿಲ್ಲ. ಮಂದಿಯೆಲ್ಲ ನಕ್ಕು ಮುಗಿಸುವಾಗ ಅತ್ತೆ ಓದಿ ಮುಗಿಸಿ ನಗುತ್ತಿದ್ದರು. ರಾಜ ಮಂಚಕ್ಕೆ ಒರಗುವ ಹೊತ್ತಿಗೆ ಕೆಳಗೆ ಕೆಂಪು ಮಿನುಗಿತು. ಅವಳು ಮುಟ್ಟಲಿಲ್ಲ. ಮತ್ತೆ ಮಿನುಗಿತು. ದೀಪವೇನಾದರೂ ಕೈಕೊಟ್ಟಿತೋ ಏನೋ. ಚಾಟು ತೆರೆದಳು.

'ಅಮ್ಮ ನಗ್ತಾ ಇದ್ದಾಳಾ? ಇಲ್ಲಿಂದ ಬರೀ ತುರುಬು ಕಾಣುತ್ತೆ.'

ಬಯ್ಯಬೇಕೆನಿಸಿತು. ಗೆರೆ ಚಾಟಿನಲ್ಲೇ ಮಿನುಗುತ್ತಿದೆಯೇ ಎಂದು ಕಣ್ಣಿಟ್ಟು ನೋಡಿ ಬರೆದಳು: 'ಎಲ್ಲರೂ ನಕ್ಕ ಮೇಲೆ ನಗ್ತಾರೆ. ಆದ್ರೆ ನಗ್ತಾರೆ.' ಮೌಸಿಗೆ ಕೈ ಚಾಚಿ ಪರದೆಯ ವಿಂಡೋವನ್ನು ಕ್ಲಿಕ್ಕಿಸಿ, ಗೆರೆ ಅಲ್ಲಿಗೆ ಬಂದದ್ದನ್ನು ಕಂಡ ಮೇಲೆಯೇ ತಲೆ ಎತ್ತಿದಳು. ಅಷ್ಟರಲ್ಲಿ ರಾಜನ ಒಂದು ಮಾತು ಹೋಗಿಬಿಟ್ಟಿತ್ತು. ಅತ್ತೆ ಖಾಲಿ ಪರದೆ ನೋಡಿ, ರಾಜನ ಬಾಯಿಯತ್ತ ತಿರುಗಿದ್ದರು.

ಮೂವರೂ ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಕೇಳಿದರು. "ರಾಜ ಏನೋ ಅಂದ, ನೀನು ಬರೀಲಿಲ್ಲ. ಕಿರೀಟ ಮಾರು ಅಂದ್ನಾ?"

ಅವಳು ಹೌದೆಂದು ತಲೆ ಆಡಿಸಿದಳು.

"ಅನ್ಕೊಂಡೆ. ಆಗ ಇವನಿಗೆ ಬರೀತಿದ್ಯಾ?"

ಅವಳು ಮತ್ತೆ ತಲೆ ಆಡಿಸಿದಳು. ಮೈದುನ ಮುಂದೆ ಮುಂದೆ ನಡೆದ.

"ಹಾಲು ತರೋಕಾದ್ರೂ ಹೇಳಿದ್ಯಾ?"

ಹೇಳಿರಲಿಲ್ಲ.