ಜೋಡು ನಳಿಗೆಯ ನಾದ

ರಾಮದಾಸರು ಎರಡು ಕಾಡತೂಸು ತುಂಬಿ ಬಂದೂಕು ಮುಚ್ಚುವಷ್ಟರಲ್ಲಿ ಗಂಗೂಬಾಯಿ ಗಂಡನ ಹೆಣದ ಪಕ್ಕದಿಂದ ಎದ್ದು ಬಂದಳು.

"ಅದನ್ನ ಕೆಳಗ ಇಡ್ರಿ."

"ವೈನಿ, ಅಯ್ಯನೋರು ಗಂಟಿ ಮರತ ಬಂದಾರ. ನಮ್ಮ ಗೊಲ್ಲಾಳಪ್ಪ ಗಂಟಿ ಸಪ್ಪಳಿಲ್ಲದ ಹೋಗಬೇಕೇನು? ಎರಡ ಗುಂಡ ಹಾರಸ್ತೀನಿ. ಲೈಸನ್ಸ್ ಅದ ನನ್ನ ಹತ್ರ."

"ಲೈಸನ್ಸ್ ನಿಮಗೈತ್ರಿ, ನಳಿಗಿಗಿಲ್ಲ."

ಅಂಗಳದಲ್ಲಿ ಅಳುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕುಬಿಟ್ಟರು. ನಗದೆ ಏನು ಮಾಡ್ಯಾರು? ಬಂದೂಕು ರಿಪೇರಿಯ ಗೊಲ್ಲಾಳಪ್ಪನೂ ತಾರ್ನಾಕದ ಈ ನಿವೃತ್ತ ಮೇಷ್ಟ್ರೂ ಇದೊಂದು ಬಂದೂಕಿಗಾಗಿ ಜಗಳಾಡದ ಭಾನುವಾರವನ್ನು ಮಲ್ಕಾಜ್‌ಗಿರಿಯ ಆ ಓಣಿ ಕಂಡೇ ಇರಲಿಲ್ಲ.

*

ಮೊದಲ ಸಲ ಅದನ್ನು ತಂದಾಗ ರಾಮದಾಸರು ಕುಣಿಯುವುದೊಂದು ಬಾಕಿ. "ನಮ್ಮ ಅಜ್ಜಂದು. ಎತ್ತಿ ನೋಡು ಮಾರಾಯ, ಹೆಗಲ ಮ್ಯಾಲ ಅದನೋ ಇಲ್ಲೋ ಅನಸ್ತದ!"

ಗೊಲ್ಲಾಳಪ್ಪ ಎತ್ತಿದ. ಮುಖ ಅರಳಿತು. ಕೂಸನ್ನು ಎತ್ತಿಕೊಂಡವನ ಹಾಗೆ ಅದನ್ನು ಕೆಳಗಿಡಲು ಮನಸ್ಸೇ ಬರಲಿಲ್ಲ. ಆಮೇಲೆ ನಳಿಗೆ ಬಿಚ್ಚಿ ಬೆರಳಿಗೆ ನೇತುಹಾಕಿ, ತಿರುಪು ಬಿಚ್ಚುವ ಪೇಚಕಸ್ಸಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದ. ಟಣ್ ಎಂದದ್ದು ಬಹಳ ಹೊತ್ತು ಗುನುಗಿತು.

ಚಹಾ ತಂದ ಗಂಗೂಬಾಯಿ ಬಾಗಿಲಲ್ಲೇ ನಿಂತಳು. "ಅಯ್ಯ, ಗುಡಿ ಗಂಟಿ ಆತಲ್ರಿ! ಇನ್ನೊಮ್ಮಿ ಬಾರಸ್ರಿ."

"ನಾದ ಚಲೋ ಐತಿ. ಎರಡೂ ನಳಿಗಿ ಕೂಡಿಸಿದ ಬೆಸಿಗಿ ಗಟ್ಟಿ ಐತಿ," ಎಂದ ಗೊಲ್ಲಾಳಪ್ಪ. ಆದರೆ ನಳಿಗೆಯ ದಪ್ಪ ಅಳೆದು ನೋಡಿದವನು ಮುಖ ಸಣ್ಣ ಮಾಡಿದ. "ಯಾರೋ ಪುಣ್ಯಾತ್ಮ ಒಳಗಿನ ತುಕ್ಕು ತಗ್ಯಾಕ ಹೋಗಿ ಭಾಳ ತಿಕ್ಯಾನ್ರಿ. ಹಾಳಿ ಹಂಗ ತೆಳ್ಳಗಾಗೈತಿ. ಹಾರಸಿದ್ರ ನಿಮ್ಮ ಎಡಗೈ ನಿಮ್ಮದಲ್ಲ."

"ಒಂದ ಗುಂಡರ?"

"ಅರ್ಧಾನೂ ಇಲ್ಲ. ನಾ ಸತ್ತಮ್ಯಾಗೂ ಇಲ್ಲ. ಗಂಗೂ, ನೀನ ಸಾಕ್ಷಿ."

*

"ಸತ್ತಮ್ಯಾಗೂ ಇಲ್ಲ ಅಂದಿದ್ರು," ಎಂದಳು ಗಂಗೂಬಾಯಿ. "ನಿಮ್ಮ ಕೈಗೆ ಏನರ ಆದ್ರ ನಾ ಅವರಿಗೆ ಏನ್ ಮಾರಿ ತೋರಸ್ಲಿ?"

ರಾಮದಾಸರ ಕಣ್ಣು ತುಂಬಿತು. ಇಷ್ಟು ವರ್ಷ ಜಗಳಾಡಿದ ಗೆಳೆಯನನ್ನು ಸಪ್ಪಗೆ ಕಳಿಸಲು ಅವರ ಜೀವ ಒಪ್ಪದು. ಆದರೂ ಕಾಡತೂಸು ತೆಗೆದು ಜೇಬಿಗೆ ಹಾಕಿಕೊಂಡರು.

ಗಂಗೂಬಾಯಿ ಒಳಗೆ ಹೋಗಿ ಪೇಚಕಸ್ಸು ಹಿಡಿದು ಬಂದಳು. "ಈಗ ನಳಿಗಿ ಬಿಚ್ಚ್ರಿ."

ಅಯ್ಯನವರು ಶಂಖ ಊದಿದರು. ನಾಲ್ವರ ಹೆಗಲ ಮೇಲಿನ ಹೂವಿನ ವಿಮಾನದಲ್ಲಿ ಗೊಲ್ಲಾಳಪ್ಪ ಕೂತು ಹೊರಟ. ಎಲ್ಲರಿಗಿಂತ ಮುಂದೆ ರಾಮದಾಸರು, ಚಾಚಿದ ಎಡಗೈಯ ಬೆರಳಿಗೆ ಜೋಡು ನಳಿಗೆ ನೇತುಹಾಕಿಕೊಂಡು. ಪಕ್ಕದಲ್ಲಿ ಗಂಗೂಬಾಯಿ ಮರದ ಹಿಡಿಯಿಂದ ತಟ್ಟಿದಳು. ಟಣ್. ಓಣಿಯ ಕಿಟಕಿಗಳು ಒಂದೊಂದೇ ತೆರೆದವು.

"ಇನ್ನೊಮ್ಮಿ, ವೈನಿ," ಎಂದರು ರಾಮದಾಸರು.